ಕರಿದಾರ

ನೆಲ್ಯಹುದಿಕೇರಿಯ ಕಾಫಿ ತೋಟದ ಕೂಲಿ ಲೈನುಮನೆಗಳಿಗೆ ಆ ವರ್ಷ ಚಳಿಜ್ವರದ ಸಂಶೋಧನೆಗೆಂದು ಒಬ್ಬ ಬಿಳಿ ಡಾಕ್ಟರು ಬಂದರು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಹೊಟ್ಟೆಯ ಎಡಮಗ್ಗುಲು ಒತ್ತಿ ನೋಡಿ, ಬೆರಳು ಚುಚ್ಚಿ ಗಾಜಿನ ಚೂರಿಗೆ ರಕ್ತ ಸವರಿಕೊಂಡರು. ಆಮೇಲೆ ಕಾಂಪೌಂಡರ್ ಮರುಳಸಿದ್ದಪ್ಪ ಒಂದು ಮಗುವಿನ ಕೈಗೆ ಕೆಂಪು ದಾರ, ಮುಂದಿನದಕ್ಕೆ ಕರಿದಾರ ಕಟ್ಟುತ್ತ ಹೋದ. ದಿನಾ ಬೆಳಿಗ್ಗೆ ದಾರ ನೋಡಿ ಎರಡು ಡಬ್ಬಿಗಳಿಂದ ಗುಳಿಗೆ ಕೊಡುವುದು. ಸಕ್ಕರೆ ಸವರಿದ ಗುಳಿಗೆ, ಎರಡೂ ಒಂದೇ ಬಿಳುಪು, ಒಂದೇ ಸಿಹಿ. ದಾರ ಯಾಕೆಂದು ತಾಯಂದಿರಿಗೆ ಯಾರೂ ಹೇಳಲಿಲ್ಲ. ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತೋ!

ಜವರಿಯ ಮಗ ನಿಂಗನಿಗೆ ಬಂದದ್ದು ಕೆಂಪು. ಅವಳ ಮುಖ ಸಪ್ಪಗಾಯಿತು. ಇಬ್ಬರು ಮಕ್ಕಳನ್ನು ಇದೇ ಜ್ವರಕ್ಕೆ ಕೊಟ್ಟು, ಉಳಿಸಿಕೊಂಡಿದ್ದ ಒಂದೇ ಕುಡಿ ಅದು. ದೃಷ್ಟಿಗೆ, ಜ್ವರಕ್ಕೆ, ಬೆಚ್ಚಿಬಿದ್ದದ್ದಕ್ಕೆ ಕಟ್ಟುವುದು ಕರಿದಾರ, ಕೆಂಪಿನಿಂದ ಏನಾದೀತು?

ಪಕ್ಕದ ಕೋಣೆಯ ಮಾರಿಯ ಮಗಳು ಮುದ್ದಿಗೆ ಕರಿದು ಬಂದಿತ್ತು. ಜವರಿ ನಾಚಿಕೆ ಬಿಟ್ಟು ಕೇಳಿಯೇಬಿಟ್ಟಳು.

"ಮಾರಕ್ಕ, ನಿನ್ ಕಾಲಿಗ್ ಬೀಳ್ತೀನಿ, ಆ ದಾರ ನನ್ ಮಗೀಗ್ ಕೊಡು."

"ಅಯ್, ತಗಳವ್ವ. ನನ್ ಮಗ್ಳು ಕಲ್ಗುಂಡು ಇದ್ದಂಗವ್ಳೆ," ಎಂದು ಮಾರಿ ತಾನೇ ಹಲ್ಲಿನಿಂದ ಗಂಟು ಬಿಚ್ಚಿದಳು. ಕೆಂಪು ಮುದ್ದಿಯ ಕೈಗೆ ಹೋಯಿತು.

ನಲವತ್ತು ಮಕ್ಕಳ ಮುಖ ಕಾಂಪೌಂಡರಿಗೆಲ್ಲಿ ನೆನಪು? ಅವನು ಮಣಿಕಟ್ಟು ನೋಡುತ್ತಿದ್ದ, ಗುಳಿಗೆ ಕೊಡುತ್ತಿದ್ದ.

ಕಾಫಿ ಹೂವಿನ ಮಳೆ ಬಿದ್ದು ವಾರ ಕಳೆದಿರಲಿಲ್ಲ, ನಿಂಗನಿಗೆ ನಡುಕ ಶುರುವಾಯಿತು. ಇದ್ದಬದ್ದ ಕಂಬಳಿಯೆಲ್ಲ ಹೊದಿಸಿದರೂ ನಿಲ್ಲಲಿಲ್ಲ. ಜವರಿ ಆ ದಾರವನ್ನು ಕಣ್ಣಿಗೊತ್ತಿಕೊಂಡು ಕಂಡ ದೇವರಿಗೆಲ್ಲ ಮೊರೆಯಿಟ್ಟಳು. ಐದನೆಯ ದಿನ ಮಗು ಹೋಯಿತು.

ಮರುಳಸಿದ್ದಪ್ಪ ಪಟ್ಟಿ ಹಿಡಿದು ಬಂದ.

"ನಿಂಗನಿಗೆ ಕೆಂಪು ಅಂತ ಬರೆದೀನಿ. ಕೈಯಲ್ಲಿ ಕರಿದು ಹೆಂಗೆ ಬಂತು?"

ಜವರಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವನು ಪಟ್ಟಿ ಕೆಳಗಿಟ್ಟ.

"ಎಂಥ ಕೆಲಸ ಮಾಡಿದೆ ತಾಯಿ! ದಾರದಲ್ಲಿ ಏನೂ ಇರಲಿಲ್ಲ. ಕೆಂಪಿನೋರಿಗೆ ಕ್ವಿನೈನು, ಕರೀದಾರದೋರಿಗೆ ಬರೀ ಹಿಟ್ಟಿನ ಗುಳಿಗೆ. ಔಷಧಿ ಜ್ವರಾನ ಎಷ್ಟು ತಡೀತದೆ ಅಂತ ನೋಡೋಕೆ."

"ಮೊದ್ಲೇ ಯಾಕ್ ಯೋಳ್ನಿಲ್ಲ ಬುದ್ಧೀ?"

"ಹೇಳಬಾರದು ಅಂತ ಡಾಕ್ಟರ್ ದೊರೆಗಳ ಅಪ್ಪಣೆ."

ಮಗಳೊಂದಿಗೆ ಬಾಗಿಲಲ್ಲಿ ನಿಂತಿದ್ದ ಮಾರಿ ಎಲ್ಲ ಕೇಳಿಸಿಕೊಂಡಿದ್ದಳು. ಅಳುತ್ತ ಮಗಳ ಕೈಯ ಕೆಂಪು ದಾರ ಬಿಚ್ಚಲು ಹೋದಳು, ಸತ್ತ ಕೂಸಿನದನ್ನು ಅದಕ್ಕೇ ಹಿಂದಿರುಗಿಸುವವಳಂತೆ. ಜವರಿ ಗಂಟನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಬಿಚ್ಬ್ಯಾಡ ಕಣಕ್ಕ. ನಾಳೀಕೂ ಅದುನ್ನ ನೋಡೇ ಗುಳ್ಗೆ ಕೊಡಾದು." ಆಮೇಲೆ ಕಾಂಪೌಂಡರ ಕಡೆ ತಿರುಗಿದಳು. "ನಿಮ್ ಪಟ್ಟಿ ನೋಡ್ಕಂಡು ಈ ಮಗೀಗೆ ಹಿಟ್ಟು ಕೊಟ್ಗಿಟ್ಟೀರಿ, ಬುದ್ಧೀ."

ಮರುದಿನ ಬೆಳಿಗ್ಗೆ ಮುದ್ದಿಯ ಕೈ ಹಿಡಿದು ಸಾಲಿನಲ್ಲಿ ನಿಂತವಳು ಜವರಿಯೇ. ಮಗು ಗುಳಿಗೆ ನುಂಗುವವರೆಗೂ ಅವಳು ಅಲ್ಲಿಂದ ಕದಲಲಿಲ್ಲ.