ಬೆಂಚಿನ ಮೇಲೆ ಒಂದೇ ಡಬ್ಬಿ

ಅಪ್ಪನ ಗ್ಯಾರೇಜಿನ ಬೆಂಚಿನ ಮೇಲೆ ಬಂದೂಕಿನ ಮದ್ದಿನ ಡಬ್ಬಿ ಯಾವತ್ತೂ ಒಂದೇ ಇರಬೇಕು. ಇದು ನಮ್ಮ ಮನೆಯ ಮೊದಲ ಕಟ್ಟಳೆ. ಊಟಕ್ಕೆ ಮುಂಚೆ ಕೈ ತೊಳೆಯಬೇಕು ಅನ್ನುವುದು ಅದರ ನಂತರದ್ದು. ಕೈ ತೊಳೆಯುವುದನ್ನು ನಾನು ಚಿಕ್ಕಂದಿನಲ್ಲಿ ಎಷ್ಟೋ ಸಲ ತಪ್ಪಿಸಿದ್ದೇನೆ. ಡಬ್ಬಿಯ ಕಟ್ಟಳೆ ಮುರಿಯುವ ಅವಕಾಶವೇ ನನಗೆ ಸಿಕ್ಕಿರಲಿಲ್ಲ. ಬೆಂಚು ಅಪ್ಪನದು; ನನಗೆ ಬಾಗಿಲಲ್ಲಿ ನಿಂತು ನೋಡುವ ಅಪ್ಪಣೆ ಮಾತ್ರ ಇತ್ತು.

ಈ ವಸಂತದಲ್ಲಿ, ತಲೆ ಅರ್ಧ ನರೆತ ಮೇಲೆ, ನಾನಾಗಿಯೇ ಕೇಳಿದೆ. "ಅಪ್ಪ, ನನಗೂ ತೋಟಾ ತುಂಬೋದು ಕಲಿಸು."

ಅಪ್ಪ ಕಾಫಿ ಲೋಟದ ಮೇಲಿನಿಂದ ನನ್ನನ್ನು ನೋಡಿದ. "ಲೈಬ್ರರಿಯಲ್ಲಿ ಪುಸ್ತಕ ಸಾಲದಾಯ್ತಾ ನೋರಿ? ಈಗ ಯಾರನ್ನ ಸುಡಬೇಕು ಅಂತಿದೀಯ, ನಿನ್ನ ಹಳೇ ಗಂಡನ್ನಾ?"

"ಅವನಿಗೆ ಅಂಗಡಿ ತೋಟಾನೇ ಸಾಕು."

ಅಪ್ಪ ನಕ್ಕ. ಕಲಿಸಲು ಒಪ್ಪಿದ. ನಾನು ಯಾಕೆ ಕೇಳಿದೆ ಅಂತ ಅವನಿಗೆ ಗೊತ್ತಾಯಿತೋ ಇಲ್ಲವೋ, ಆಗ ನನಗೆ ತಿಳಿಯಲಿಲ್ಲ.

ಕಾರಣ ಇದ್ದದ್ದು ಹಿಂದಿನ ವಾರ ಕ್ಲಬ್ಬಿನಲ್ಲಿ ನಡೆದ ಒಂದು ಸಂಗತಿ. ನಮ್ಮ ಊರಿನ ಗುರಿ ಹೊಡೆಯುವವರ ಕ್ಲಬ್ಬು ಹಳೆಯ ಜಲ್ಲಿ ಗುಂಡಿಯ ತಳದಲ್ಲಿದೆ. ಚಳಿಗಾಲ ಕಳೆದು ರಸ್ತೆ ತೆರೆದ ಮೇಲೆ ಶನಿವಾರ ಬೆಳಿಗ್ಗೆ ಎಲ್ಲ ಅಲ್ಲಿ ಸೇರುತ್ತಾರೆ. ಅಪ್ಪನ ಹೆಸರು ಡೆಲ್ಮರ್ ಹ್ಯಾಸ್ಕೆಟ್; ಮರದ ಮಿಲ್ಲಿನಲ್ಲಿ ಗರಗಸದ ಹಲ್ಲು ಮಸೆಯುತ್ತಿದ್ದವನು. ಕೂದಲೆಳೆಯಷ್ಟು ತಪ್ಪಿದರೂ ಗರಗಸ ಸೀಳಿಹೋಗುವಂಥ ಕೆಲಸ. ಅದೇ ಕೈಯಲ್ಲಿ ತನ್ನ ರಿವಾಲ್ವರಿನ ತೋಟಾಗಳನ್ನೂ ತಾನೇ ತುಂಬಿಕೊಳ್ಳುತ್ತಿದ್ದ. ಅವತ್ತು ಅವನ ಒಂದು ಗುಂಡು ಸಿಡಿಯಲಿಲ್ಲ. ಬಾಟಲಿಯ ಬೆಂಡು ತೆಗೆದ ಹಾಗೆ 'ಪುಸ್' ಅಂತ ಶಬ್ದವಾಯಿತು. ಅಪ್ಪ ಮತ್ತೆ ರಿವಾಲ್ವರಿನ ಕುದುರೆ ಎಳೆಯಲು ಹೊರಟಿದ್ದ. ಪಕ್ಕದ ಸಾಲಿನಲ್ಲಿದ್ದ ಲೈಲ್ ಪೆಡರ್ಸನ್ ಕೂಗಿ, ಅಪ್ಪನ ಮಣಿಕಟ್ಟು ಹಿಡಿದುಬಿಟ್ಟರು. ನೋಡಿದರೆ ಆ ತೋಟಾದ ಹಿತ್ತಾಳೆ ಚಿಪ್ಪಿನಲ್ಲಿ ಮದ್ದೇ ಇರಲಿಲ್ಲ. ಮದ್ದಿಗೆ ಕಿಡಿ ಹೊತ್ತಿಸುವ ತಳದ ಕಿಡಿಬಿಲ್ಲೆಯ ಬಲಕ್ಕೇ ಸೀಸದ ಗುಂಡು ನಳಿಗೆಯ ಅರ್ಧಕ್ಕೆ ಹೋಗಿ ಸಿಕ್ಕಿಕೊಂಡಿತ್ತು. ಹಿಂದಿನಿಂದ ಇನ್ನೊಂದು ಹಾರಿದ್ದರೆ ನಳಿಗೆ ಅಪ್ಪನ ಮುಖದ ಮುಂದೆ ಒಡೆಯುತ್ತಿತ್ತು.

"ಎಲ್ಲರಿಗೂ ಒಂದ್ಸಲ ಆಗುತ್ತೆ ಬಿಡಪ್ಪ," ಅಂದರು ಯಾರೋ. ಎಲ್ಲರೂ ನಕ್ಕರು. ಲೈಲ್ ನಗಲಿಲ್ಲ. ನಾನೂ ನಗಲಿಲ್ಲ.

ಅಮ್ಮ ಹೋದ ಮೇಲೆ ನಾನು ಅಪ್ಪನ ಮನೆಗೇ ಬಂದಿದ್ದೇನೆ. ಒಲೆ ಆರಿದೆಯೇ, ಮಾತ್ರೆ ನುಂಗಿದನೇ, ಟ್ರಕ್ಕಿನ ಬೀಗದ ಕೈ ಎಲ್ಲಿದೆ, ನಾಯಿಗೆ ಒಮ್ಮೆ ಹಾಕಿದ ಊಟವನ್ನು ಮತ್ತೆ ಹಾಕಿದನೇ. ದಿನವಿಡೀ ಕಣ್ಣು ಇದರಲ್ಲೇ ಇರುತ್ತದೆ. ನಿದ್ದೆಯಲ್ಲೂ ಕಿವಿ ಎದ್ದೇ ಇರುತ್ತದೆ. ಇದರ ಜೊತೆಗೆ ಈಗ ಮದ್ದು. ಇನ್ನು ತೋಟಾ ತುಂಬಬೇಡ ಅಂತ ಹೇಳಬಹುದಿತ್ತು. ಹಾಗೆ ಹೇಳಿದರೆ ಏನು ಹೇಳಿದ ಹಾಗಾಗುತ್ತದೆ ಅನ್ನುವುದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಬಾಗಿಲಲ್ಲಿ ನಿಂತು ಕಾಯುವ ಬದಲು ಪಕ್ಕದಲ್ಲಿ ಕೂತು ಕಾಯೋಣ ಅಂದುಕೊಂಡೆ.

ಕಲಿಸುವುದರಲ್ಲಿ ಮಾತ್ರ ಅಪ್ಪ ಹಳೆಯ ಅಪ್ಪನೇ.

"ಕನ್ನಡಕ ಹಾಕ್ಕೋ. ಓದೋದಲ್ಲ, ಆ ದಪ್ಪದ್ದು. ರೇಡಿಯೋ ಆರ್ಸು. ಮದ್ದು ಹಾಕುವಾಗ ದೇವರು ಫೋನ್ ಮಾಡಿದ್ರೂ ಎತ್ತಬಾರ್ದು."

"ಮಾಡಲ್ಲ ಬಿಡು, ನಮ್ಮ ನಂಬರ್ ಅವನ ಹತ್ರ ಇಲ್ಲ."

"ಬಾಯಿ ಇದೆ ನಿನಗೆ, ನಿಮ್ಮಮ್ಮಂದೇ."

ಮೊದಲು ಸುಟ್ಟ ಹಿತ್ತಾಳೆ ಚಿಪ್ಪುಗಳನ್ನು ಒರೆಸಿ, ಬಿರುಕಿದೆಯೇ ನೋಡುವುದು. ಆಮೇಲೆ ಬೆಂಚಿಗೆ ಬಿಗಿದ ಪ್ರೆಸ್ಸಿನ ಸನ್ನೆಕೋಲು ಎಳೆದು ಹಳೆಯ ಕಿಡಿಬಿಲ್ಲೆಯನ್ನು ಉದುರಿಸಿ ಹೊಸದನ್ನು ಒತ್ತುವುದು. ಚಿಪ್ಪುಗಳನ್ನು ಗುಳಿಹಲಗೆಯಲ್ಲಿ ಸಾಲಾಗಿ ನಿಲ್ಲಿಸಿ, ಅಳತೆಯ ಯಂತ್ರದಿಂದ ಪ್ರತಿಯೊಂದಕ್ಕೂ ಮದ್ದು ಬಿಡುವುದು. ಎಷ್ಟು ಅನ್ನುವುದನ್ನು ಅಚ್ಚಾದ ಕೈಪಿಡಿಯಲ್ಲಿ ನೋಡಿಯೇ ಹಾಕಬೇಕು. ನೆರೆಮನೆಯವನ ಬಾಯಿಂದ ಕೇಳಿ ಅಲ್ಲ, ತನ್ನ ನೆನಪಿನಿಂದಲೂ ಅಲ್ಲ. ಸೀಸದ ಗುಂಡು ಕೂರಿಸುವ ಮುನ್ನ ಟಾರ್ಚು ಹಿಡಿದು ಒಂದೊಂದು ಚಿಪ್ಪಿನೊಳಗೂ ಇಣುಕಬೇಕು. ಒಂದರಲ್ಲಿ ಮಟ್ಟ ಹೆಚ್ಚಿದ್ದರೂ ತಪ್ಪು, ಕಡಿಮೆಯಿದ್ದರೂ ತಪ್ಪು. ಕೆಲಸ ಮುಗಿದ ಮೇಲೆ ಯಂತ್ರದಲ್ಲಿ ಉಳಿದ ಮದ್ದು ಅದು ಬಂದ ಡಬ್ಬಿಗೇ, ಆ ಕ್ಷಣವೇ, ವಾಪಸು ಹೋಗಬೇಕು. ಅದಕ್ಕೇ ಬೆಂಚಿನ ಮೇಲೆ ಒಂದೇ ಡಬ್ಬಿ. ಎರಡಿದ್ದರೆ ಕೈ ತಪ್ಪುತ್ತದೆ.

"ಮತ್ತೆ ಕೊನೇದು," ಅಂದ ಅಪ್ಪ. "ನೀನು ತುಂಬಿದ್ದು ನೀನೇ ಸುಡಬೇಕು. ಯಾರಿಗೂ ಕೊಡಬಾರ್ದು, ಯಾರಿಂದಾನೂ ತಗೋಬಾರ್ದು. ಲೈಲ್ ಜೊತೆ ನಾನು ಒಂದೇ ತಟ್ಟೇಲಿ ಉಂಡಿದೀನಿ. ಅವನ ತೋಟಾ ಮಾತ್ರ ನನ್ನ ಗನ್ನಿಗೆ ಹಾಕಲ್ಲ. ಅದರಲ್ಲಿ ಅವಮಾನ ಏನಿಲ್ಲ."

ಇದನ್ನು ಅವನು ಒಂದೇ ಮಧ್ಯಾಹ್ನದಲ್ಲಿ ಮತ್ತೆ ಮತ್ತೆ ಹೇಳಿದ, ಪ್ರತಿ ಸಲವೂ ಮೊದಲ ಸಲದ ಹಾಗೆ. ನಾನು ಪ್ರತಿ ಸಲವೂ ತಲೆಯಾಡಿಸಿದೆ.

ಹೀಗೇ ತಿಂಗಳು ದಾಟಿತು. ಋತುವಿನ ಮೊದಲ ಪಂದ್ಯಕ್ಕೆ ಹಿಂದಿನ ದಿನ, ಶುಕ್ರವಾರ. ಆ ವರ್ಷ ಮೊದಲ ಬಾರಿಗೆ ಗ್ಯಾರೇಜಿನ ದೊಡ್ಡ ಬಾಗಿಲು ಎತ್ತಿದ್ದೆವು. ಹಿತ್ತಲಿನಲ್ಲಿ ಹಿಮ ಕರಗಿ ಕೆಸರಾಗಿತ್ತು. ಅಮ್ಮ ನೆಟ್ಟಿದ್ದ, ಹುಳಿ ದಂಟಿನ ರೂಬಾರ್ಬ್ ಗಿಡ ಕೆಂಪು ಮೊಳಕೆ ಬಿಟ್ಟಿತ್ತು. ಅಪ್ಪ ಪಂದ್ಯಕ್ಕೆ ಬೇಕಾದ ತೋಟಾಗಳನ್ನೆಲ್ಲ ವಾರದುದ್ದಕ್ಕೂ ತುಂಬಿ ಪೆಟ್ಟಿಗೆಗಳಲ್ಲಿ ಜೋಡಿಸಿಟ್ಟಿದ್ದ. ನಾನು ಲೈಬ್ರರಿಯ ಕೆಲಸಕ್ಕೆ ಹೋದ ಹೊತ್ತಿನಲ್ಲಿ, ಒಬ್ಬನೇ. ಅವನು ಸೂಪು ಕುಡಿಯಲು ಒಳಗೆ ಹೋದಾಗ ನಾನು ಬೆಂಚು ಒರೆಸುತ್ತಿದ್ದೆ. ಹೊರಗಿನ ಬಿಸಿಲು ಅಳತೆ ಯಂತ್ರದ ಗಾಜಿನಂಥ ಕೊಳವೆಯ ಮೇಲೆ ಬಿತ್ತು.

ಅದರೊಳಗೆ ಮದ್ದು ಉಳಿದಿತ್ತು. ಉಳಿಯಬಾರದಿತ್ತು. ಬಗ್ಗಿ ನೋಡಿದೆ. ಅಪ್ಪ ಬಳಸುವ ಮದ್ದು ಚಪ್ಪಟೆ, ಕರಿ ಎಳ್ಳನ್ನು ಜಜ್ಜಿದ ಹಾಗೆ. ಅದರ ನಡುವೆ ಗಸಗಸೆಯಂಥ ಗುಂಡು ಕಾಳುಗಳು. ಡಬ್ಬಿಯ ಮುಚ್ಚಳ ತೆಗೆದು ಬಿಳಿ ಕಾಗದದ ಮೇಲೆ ಚಿಟಿಕೆ ಸುರಿದೆ. ಅಲ್ಲೂ ಎರಡೂ ಬೆರೆತಿದ್ದವು. ಯಾವತ್ತೋ ಒಂದು ದಿನ ಬೆಂಚಿನ ಮೇಲೆ ಎರಡು ಡಬ್ಬಿ ಇದ್ದವು; ಉಳಿದದ್ದು ತಪ್ಪು ಡಬ್ಬಿಗೆ ಹೋಗಿದೆ. ಒಂದು ಬೇಗ ಉರಿಯುವುದು, ಇನ್ನೊಂದು ನಿಧಾನ. ಬೆರೆತದ್ದು ಹೇಗೆ ಉರಿಯುತ್ತದೆ ಅಂತ ಯಾವ ಕೈಪಿಡಿಯಲ್ಲೂ ಇಲ್ಲ. ನಾಳೆ ಬೆಳಿಗ್ಗೆ ಅಪ್ಪ ಅದನ್ನು ತನ್ನ ಕೈಯಲ್ಲಿ ಹಿಡಿದು ಸುಡುವವನಿದ್ದ.

ನಾನು ಸ್ಟೂಲಿನ ಮೇಲೆ ಕೂತೆ. ಭಯಕ್ಕಿಂತ ಮೊದಲು ಬಂದದ್ದು ಸುಸ್ತು. ಇದನ್ನೂ ಹೇಳಬೇಕಲ್ಲ, ನಾನೇ ಹೇಳಬೇಕಲ್ಲ ಅನ್ನುವ ಸುಸ್ತು.

ಅಪ್ಪ ಬಾಯಿ ಒರೆಸಿಕೊಂಡು ಬಂದ. ಕಾಗದ ನೋಡಿದ.

"ಏನದು?"

"ಅಪ್ಪ, ಯಂತ್ರದಲ್ಲಿ ಮದ್ದು ಇದೆ. ಯಾವ್ದು ಅಂತ ಗೊತ್ತಿಲ್ಲ ಅಂದ್ರೆ ಏನು ಮಾಡ್ಬೇಕು?"

"ಚೆಲ್ಬೇಕು. ಹಿತ್ತಲಲ್ಲಿ, ಗಿಡಕ್ಕೆ. ಹುಲ್ಲಿಗೆ ಒಳ್ಳೇದು." ಪಾಠ ಒಪ್ಪಿಸುವವನ ಹಾಗೆ, ಯೋಚಿಸದೆ ಹೇಳಿದ.

"ಅದರಿಂದ ತುಂಬಿದ ತೋಟಾ?"

"ಒಡೀಬೇಕು. ಎಲ್ಲಾನೂ. ಒಂದು ಅನುಮಾನ ಅಂದ್ರೆ ಎಲ್ಲಾ ಅನುಮಾನ." ಆಮೇಲೆ ಅವನು ಕಾಗದದ ಹತ್ತಿರ ಬಂದ. ದಪ್ಪ ಕನ್ನಡಕವನ್ನು ಹಣೆಗೇರಿಸಿ, ಬೆರಳ ತುದಿಯಿಂದ ಕಾಳುಗಳನ್ನು ಬೇರೆ ಬೇರೆ ಸರಿಸಿದ. ಚಪ್ಪಟೆ ಒಂದು ಕಡೆ, ಗುಂಡಗಿನವು ಒಂದು ಕಡೆ. ಬಹಳ ಹೊತ್ತು ಸರಿಸುತ್ತಲೇ ಇದ್ದ.

"ಇದನ್ನ ಯಾರು ಮಾಡಿದ್ದು?" ಅಂದ.

ನಾನು ಮಾತನ್ನು ಅಳೆದು ಆಡುವವಳು ಅನ್ನುತ್ತಾರೆ. ಆವತ್ತು ಅಳೆಯಲಿಲ್ಲ. "ನಾನೇ. ಮೊನ್ನೆ ನೀನು ಮಲಗಿದ್ದಾಗ ಒಬ್ಬಳೇ ತುಂಬಿ ನೋಡೋಣ ಅಂತ ತೆಗೆದೆ. ಎರಡೂ ಡಬ್ಬಿ ಹೊರಗಿತ್ತು."

ಅಪ್ಪ ನನ್ನ ಕಡೆ ತಿರುಗಿದ. ನನ್ನ ಮುಖವನ್ನು ಗರಗಸದ ಹಲ್ಲು ನೋಡುವ ಹಾಗೆ ನೋಡಿದ.

"ಮೊದಲ್ನೇ ಕಟ್ಟಳೆ ಯಾವ್ದು?"

"ಬೆಂಚಿನ ಮೇಲೆ ಒಂದೇ ಡಬ್ಬಿ."

"ಕಾಲೇಜು ಓದಿದೋಳು!" ಅಂದ. "ಗರಗಸದ ಕೋಣೇಲಿ ಹಿಂಗೆ ಮಾಡಿದ್ರೆ ಅವತ್ತೇ ಮನೆಗೆ ಕಳಿಸ್ತಿದ್ದೆ." ಅವನ ದನಿ ಹಗುರಾಯಿತು. ನನಗೆ ಅದೇ ಸಾಕಾಗಿತ್ತು, ಅದೇ ನೋವೂ ಆಯಿತು.

ಒಡೆಯುವುದಕ್ಕೆ ಒಂದು ಸುತ್ತಿಗೆ ಇದೆ. ಪ್ಲಾಸ್ಟಿಕ್ಕಿನದು, ತಲೆ ಟೊಳ್ಳು. ತೋಟಾವನ್ನು ಅದರೊಳಗೆ ಸಿಕ್ಕಿಸಿ ಮರದ ದಿಮ್ಮಿಗೆ ಬಡಿದರೆ ಗುಂಡು ಸಡಿಲವಾಗಿ, ಮದ್ದಿನ ಸಮೇತ ಟೊಳ್ಳಿಗೆ ಉದುರುತ್ತದೆ. ಬಡಿ, ಬಿಚ್ಚು, ಸುರಿ, ಮತ್ತೆ ಸಿಕ್ಕಿಸು. ಅಪ್ಪ ಪೆಟ್ಟಿಗೆಯಿಂದ ಒಂದೊಂದಾಗಿ ಕೊಟ್ಟ, ನಾನು ಬಡಿದೆ. ನನ್ನ ಮೊಣಕೈ ಸೋತಾಗ ಅವನು ಬಡಿದ. ಮುಗಿಯುವ ಹೊತ್ತಿಗೆ ಬಿಸಿಲು ಬಾಗಿಲು ದಾಟಿ ಹೋಗಿತ್ತು. ಮದ್ದನ್ನೆಲ್ಲ ರೂಬಾರ್ಬಿನ ಸುತ್ತ ಚೆಲ್ಲಿ ನೀರು ಹಾಕಿದೆ.

ಮರುದಿನ ಅಪ್ಪ ಅಂಗಡಿ ತೋಟಾದ ಪೆಟ್ಟಿಗೆ ಹಿಡಿದು ಕ್ಲಬ್ಬಿಗೆ ಬಂದ. ಮದುವೆ ಮನೆಗೆ ಡಬ್ಬಿ ಸೂಪು ತಂದವನ ಹಾಗೆ ಮುಖ ಮಾಡಿಕೊಂಡಿದ್ದ.

"ಏನ್ ಡೆಲ್, ಕೈ ಬಿದ್ದೋಯ್ತಾ?" ಅಂತ ಒಬ್ಬ ಕೆಣಕಿದ.

"ನನ್ನ ಕೈ ಅಲ್ಲ ಕಣಯ್ಯಾ, ನನ್ನ ಮಗಳ ಕೈ!" ಅಪ್ಪನ ದನಿ ಜಲ್ಲಿ ಗುಂಡಿಗೆಲ್ಲ ಕೇಳಿಸಿತು. "ಎರಡು ಡಬ್ಬಿ ಬೆರೆಸಿಟ್ಟಿದ್ಲು. ಮೊದಲ್ನೇ ದಿನ ಹೇಳಿಕೊಟ್ಟ ಪಾಠ!"

ಗಂಡಸರೆಲ್ಲ ನಕ್ಕರು. "ನೋರೀನ್, ಪುಸ್ತಕ ಬೆರೆಸಿದ್ರೆ ಯಾರೂ ಸಾಯಲ್ಲ, ಅಲ್ಲೇ ಇರಮ್ಮ!" ಅಂದ ಇನ್ನೊಬ್ಬ. ಬಿಸಿ ಕಾಫಿಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಾನೂ ನಕ್ಕೆ. ಕಿವಿ ಬಿಸಿಯಾಗಿತ್ತು.

ಲೈಲ್ ನನ್ನನ್ನೇ ನೋಡುತ್ತಿದ್ದರು. ವಿರಾಮದಲ್ಲಿ ತಮ್ಮ ಟ್ರಕ್ಕಿನ ಹಿಂದಕ್ಕೆ ಕರೆದರು. ಸೀಟಿನ ಕೆಳಗಿನಿಂದ ಒಂದು ಪೆಟ್ಟಿಗೆ ತೆಗೆದು ನನ್ನ ಕೈಗಿಟ್ಟರು. ಮೇಲೆ ಅಪ್ಪನ ಕೈಬರಹದಲ್ಲಿ ತಾರೀಕು ಇತ್ತು.

"ಹೋದ ತಿಂಗಳು ಕೊಟ್ಟ. ಅವತ್ತು ಮಣಿಕಟ್ಟು ಹಿಡಿದ್ನಲ್ಲ, ಅದಕ್ಕೆ ಥ್ಯಾಂಕ್ಸ್ ಅಂತೆ."

ಮುಚ್ಚಳ ತೆಗೆದೆ; ಒಳಗೆ ತೋಟಾಗಳು. ತಾನು ತುಂಬಿದ್ದನ್ನು ಅಪ್ಪ ಇನ್ನೊಬ್ಬರಿಗೆ ಕೊಟ್ಟಿದ್ದ.

"ನೀವು ಸುಟ್ರಾ?" ಅಂದೆ.

"ಹುಚ್ಚಾ ನನಗೆ? ಬೇರೆಯೋರ ತೋಟಾ ಯಾರು ಸುಡ್ತಾರೆ." ಲೈಲ್ ಟೋಪಿ ಸರಿಮಾಡಿಕೊಂಡರು. "ಬೇಡ ಅಂದ್ರೆ ಅವನಿಗೆ ತಿಳೀತಿತ್ತು. ತಗೊಂಡು ಇಟ್ಕೊಂಡೆ. ನಿನಗೆ ಹೇಳೋದು ಹೆಂಗೆ ಅಂತ ನೋಡ್ತಿದ್ದೆ. ನೀನು ಡಬ್ಬಿ ಮುಟ್ಟಿಲ್ಲ, ಅಲ್ವಾ ತಾಯಿ?"

"ಮುಟ್ಟಿದೆ, ಲೈಲ್. ನಾನೇ ಬೆರೆಸಿದ್ದು."

"ಸರಿ," ಅಂದರು ಅವರು. "ಹಂಗಾದ್ರೆ ನೀನೇ." ನನ್ನ ಭುಜ ತಟ್ಟಿ, ಅಪ್ಪನ ಪಕ್ಕದ ಸಾಲಿಗೆ ಹೋಗಿ ನಿಂತರು, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಅಪ್ಪನ ಕೈಯಿಂದ ರಿವಾಲ್ವರನ್ನೇ ಬಿಡಿಸುವ ಮಾತು ಇನ್ನೂ ಬಾಕಿ ಇದೆ. ಅದನ್ನು ಆಡುವ ದಿನ ದೂರವಿಲ್ಲ. ಅವತ್ತು ಅದನ್ನು ಆಡುವ ಶಕ್ತಿ ನನಗಿರಲಿಲ್ಲ.

ಮನೆಗೆ ಹೋಗುವಾಗ ನಾನೇ ಟ್ರಕ್ಕು ಓಡಿಸಿದೆ. ಲೈಲ್ ಕೊಟ್ಟ ಪೆಟ್ಟಿಗೆ ನನ್ನ ಕೋಟಿನ ಜೇಬಿನಲ್ಲಿ ಭಾರವಾಗಿತ್ತು. ಅಪ್ಪ ಕಿಟಕಿಯ ಹೊರಗೆ ನೋಡುತ್ತಿದ್ದ. ಮಿಲ್ಲು ದಾಟಿದ ಮೇಲೆ ಬೀಗದ ಕೈ ಗೊಂಚಲಿನಿಂದ ಒಂದನ್ನು ಬಿಡಿಸಲು ತೊಡಗಿದ. ಉಂಗುರ ಬಿಗಿಯಾಗಿತ್ತು, ಉಗುರು ಜಾರುತ್ತಿತ್ತು. ನಾನು ಸಹಾಯ ಮಾಡಲಿಲ್ಲ. ಕೊನೆಗೆ ಬಿಡಿಸಿದ.

"ಮದ್ದಿನ ಕಪಾಟಿಂದು. ಇನ್ಮೇಲೆ ನಿನ್ನ ಹತ್ರ ಇರ್ಲಿ."

"ನಾನೇ ತಪ್ಪು ಮಾಡಿದೋಳಲ್ವಾ ಅಪ್ಪ?"

"ಅದಕ್ಕೇ," ಅಂದ. ಸ್ವಲ್ಪ ದೂರ ಹೋದ ಮೇಲೆ ಮತ್ತೆ ಅಂದ, "ಸುಳ್ಳು ಹೇಳೋಕೂ ನಿನಗೆ ಬರಲ್ಲ. ನಿಮ್ಮಮ್ಮಂಗೂ ಬರ್ತಿರ್ಲಿಲ್ಲ."

ನಾನು ಬೀಗದ ಕೈ ತೆಗೆದುಕೊಂಡು ಜೇಬಿಗೆ ಹಾಕಿಕೊಂಡೆ.

ಮುಂದಿನ ವಾರ ಲೈಲ್ ಕೊಟ್ಟ ಪೆಟ್ಟಿಗೆಯನ್ನೂ ಒಡೆದೆವು. ಅಪ್ಪ ಅದು ಎಲ್ಲಿಂದ ಬಂತು ಅಂತ ಕೇಳಲಿಲ್ಲ. ತನ್ನ ಕೈಬರಹದ ಮೇಲೆ ಒಮ್ಮೆ ಬೆರಳಾಡಿಸಿ ಮೊದಲ ತೋಟಾವನ್ನು ನನ್ನ ಕೈಗಿಟ್ಟ. ಮದ್ದು ರೂಬಾರ್ಬಿಗೆ ಹೋಯಿತು. ಆಮೇಲೆ ನಾನು ಕಪಾಟಿನ ಬೀಗ ತೆಗೆದು, ಹೊಸ ಡಬ್ಬಿಯೊಂದನ್ನು ತಂದು ಬೆಂಚಿನ ಮೇಲಿಟ್ಟೆ. ಪ್ರೆಸ್ಸಿನ ಮುಂದಿನ ಸ್ಟೂಲಿನಲ್ಲಿ ನಾನು ಕೂತೆ. ಅಪ್ಪ ಪಕ್ಕದ್ದರಲ್ಲಿ ಕೂತ. ರೇಡಿಯೋ ಆರಿಸಿದ್ದು ಅವನೇ.

ಗುಳಿಹಲಗೆಯ ಮೊದಲ ಚಿಪ್ಪಿಗೆ ಮದ್ದು ಬಿಟ್ಟೆ. ಟಾರ್ಚು ಹಿಡಿದು ಒಳಗೆ ನೋಡಿದೆ.

"ನೋಡಿದ್ಯಾ?" ಅಂದ ಅಪ್ಪ.

"ನೋಡಿದೆ."

"ಇನ್ನೊಂದ್ಸಲ ನೋಡು."

ನೋಡಿದೆ. ಟಾರ್ಚನ್ನು ಅವನ ಕೈಗೆ ಕೊಟ್ಟೆ. ಅವನೂ ಬಗ್ಗಿ ನೋಡಿದ.