ತಂಬೂರಿಗೆ ಕುಳಿತ ಅಲ್ಲಪ್ಪ

"ಕೊನೀಗೆ ಜ್ಞಾನು ಹಾಡ್ಲಿ," ಎಂದರು ಸಂಗೀತದ ಗುರುಗಳಾದ ಬುವಾ.

ತಂಬೂರಿಯ ಬಿರಡೆ ತಿರುವುತ್ತಿದ್ದ ಅಲ್ಲಪ್ಪನ ಕೈ ಅಲ್ಲೇ ನಿಂತಿತು. ಜಮಖಾನೆಯ ಮೇಲೆ ಸುತ್ತ ಕುಳಿತಿದ್ದ ಶಿಷ್ಯರು ಒಮ್ಮೆ ಬುವಾರ ಮುಖ, ಒಮ್ಮೆ ಅಲ್ಲಪ್ಪನ ಮುಖ ನೋಡಿದರು. ನೋಡದೆ ಏನು ಮಾಡಿಯಾರು? ವರ್ಷಕ್ಕೊಮ್ಮೆ ಬುವಾರ ಶಿಷ್ಯರೆಲ್ಲ ಊರ ಮುಂದೆ ಹಾಡುವ ದಿನ ಕೊನೆಯ ಹಾಡು ಹಿರಿಯ ಶಿಷ್ಯನದು. ಅವನಿಗಿಂತ ಮುಂಚೆ ಹಾಡಿದವನು ಅವನ ಬೆನ್ನ ಹಿಂದೆ ತಂಬೂರಿ ಹಿಡಿದು ಕೂರಬೇಕು. ಇದು ಬುವಾರ ಗುರುಗಳ ಕಾಲದಿಂದ ನಡೆದುಬಂದ ಪದ್ಧತಿ. ಆರು ವರ್ಷದಿಂದ ಆ ಕೊನೆಯ ಜಾಗ ಅಲ್ಲಪ್ಪನದಾಗಿತ್ತು.

ಜಾಗವೇನು, ಎಲ್ಲವೂ ಅವನದೇ. ಇಚಲಕರಂಜಿಯ ಪೇಟೆಯಲ್ಲಿ ಅವನ ನೂಲಿನ ಅಂಗಡಿ. ಅದರ ಅಟ್ಟದ ಮೇಲೆಯೇ ಬುವಾರ ಕ್ಲಾಸು. ಜಮಖಾನೆ ಅವನದು, ಎರಡೂ ತಂಬೂರಿ ಅವನವು, ಬುವಾರಿಗೆ ಸಂಜೆ ಬರುವ ಕೇಸರಿ ಹಾಲು ಅವನ ಮನೆಯದು. ನಲವತ್ತೆರಡು ವಯಸ್ಸಿನ ಈ ಮನುಷ್ಯ ಹನ್ನೊಂದು ವರ್ಷದಿಂದ ಒಂದು ದಿನವೂ ಪಾಠ ತಪ್ಪಿಸಿದವನಲ್ಲ. ಇಷ್ಟೆಲ್ಲ ಆದಮೇಲೂ ಬುವಾರ ಬಾಯಿಂದ ಅವನಿಗೆ ಬಂದದ್ದು ಒಂದೇ ಮಾತು: "ಬರೋಬರ್." ಸರಿಯಾಗಿದೆ, ಅಷ್ಟೇ. ಹಾಡು ಮುಗಿಸಿ ಅವನು ಆಸೆಯಿಂದ ಕಣ್ಣೆತ್ತಿದಾಗಲೆಲ್ಲ ಬುವಾ ತಲೆಯಾಡಿಸಿ "ಬರೋಬರ್" ಎನ್ನುತ್ತಿದ್ದರು, ಅಡಕೆ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಒಂದು ದಿನವೂ "ವ್ಹಾ" ಎನ್ನಲಿಲ್ಲ.

ಆ "ವ್ಹಾ" ಈಗ ಜ್ಞಾನುವಿಗೆ ಬಿದ್ದಿತ್ತು. ಅದೂ ಹಾಡಿದ್ದಕ್ಕಲ್ಲ, ಬರೀ ಮಾತಾಡಿದ್ದಕ್ಕೆ.

ಯುದ್ಧ ನಿಂತು ನಾಲ್ಕೈದು ತಿಂಗಳಾಗಿತ್ತು. ಈ ವರ್ಷ ಯಾರೂ ಪಾಠದಲ್ಲಿ ಕಲಿತ ಹಾಡು, ಚೀಜು ಹಾಡಬಾರದು, ಶಾಂತಿ ಎಂದರೆ ತಮಗೆ ಏನು ಅನಿಸುತ್ತದೋ ಅದನ್ನು ತಾವೇ ಕಟ್ಟಿ ಹಾಡಬೇಕು ಎಂದು ಬುವಾ ಅಪ್ಪಣೆ ಮಾಡಿದ್ದರು. ಇವತ್ತು ಒಬ್ಬೊಬ್ಬರನ್ನೇ ಕೇಳಿದರು. ಪೋಸ್ಟ್ ಮಾಸ್ತರರ ಮಗಳು ಛಾಯಾ, ಅಜ್ಜಿ ಮಧ್ಯಾಹ್ನ ನಿದ್ದೆ ಹೋದಾಗಿನ ಮನೆಯೇ ನನಗೆ ಶಾಂತಿ, ಅದನ್ನು ಮಾತಿಲ್ಲದೆ ಬರೀ ಆಲಾಪದಲ್ಲಿ ಹಾಡುತ್ತೇನೆ ಎಂದಳು. ಉದಗಾಂವದಿಂದ ಸೈಕಲ್ ತುಳಿದು ತಬಲಾ ಕಲಿಯಲು ಬರುವ ಭೀಮಗೊಂಡ, ಕಬ್ಬಿನ ಸಾಲಿಗೆ ನೀರು ಬಂದು ಮುಟ್ಟುವ ಸಪ್ಪಳವನ್ನು ಬೆರಳ ತುದಿಯಿಂದ ಬಾರಿಸುತ್ತೇನೆ ಎಂದ. ಅಲ್ಲಪ್ಪ ಗಂಟಲು ಸರಿಮಾಡಿಕೊಂಡು, "ಯುದ್ಧ ಇರಬಾರ್ದು, ಜಗತ್ತಿನ್ಯಾಗ ಎಲ್ಲಾರೂ ಅಣ್ಣತಮ್ಮರಂಗ ಇರಬೇಕ್ರಿ," ಎಂದ. ಬುವಾ "ಬರೋಬರ್" ಎಂದರು.

ಕೊನೆಗೆ ಬಾಗಿಲ ಹತ್ತಿರ ಕುಳಿತಿದ್ದ ಜ್ಞಾನುವನ್ನು ಕೇಳಿದರು. ಅವನು ಕೊರೋಚಿಯ ಪವರ್‌ಲೂಮ್ ಶೆಡ್ಡಿನ ನೇಕಾರ, ಕ್ಲಾಸಿಗೆ ಸೇರಿ ಎರಡು ವರ್ಷ ಕೂಡ ತುಂಬಿರಲಿಲ್ಲ. ತಲೆಗೂದಲಲ್ಲಿ ಯಾವಾಗಲೂ ಹತ್ತಿಯ ಧೂಳು.

"ನಮ್ಮ ಶೆಡ್ಡಿನ್ಯಾಗ ನಲವತ್ತು ಮಗ್ಗ ಅದಾವ್ರಿ," ಎಂದ ಅವನು ನೆಲ ನೋಡುತ್ತ. "ಅಲ್ಲಿ ನಾ ಎಷ್ಟ ಒದರಿ ಹಾಡಿದ್ರೂ ಯಾರಿಗೂ ಕೇಳೂದಿಲ್ಲ. ತಪ್ಪಿದ್ರ ನಗಾವ್ರಿಲ್ಲ, ಛಲೋ ಆತು ಅನ್ನಾವ್ರೂ ಇಲ್ಲ. ಅದ ನನಗ ಶಾಂತಿ ಅನಸ್ತೈತ್ರಿ."

ಎಲ್ಲರೂ ನಕ್ಕರು. ಅಲ್ಲಪ್ಪ ಎಲ್ಲರಿಗಿಂತ ಜೋರಾಗಿ ನಕ್ಕ. ಬುವಾ ನಗಲಿಲ್ಲ. ಬಾಯಿಗೆ ಹಾಕಬೇಕೆಂದಿದ್ದ ಅಡಕೆಯನ್ನು ಮತ್ತೆ ಚೀಲಕ್ಕೆ ಹಾಕಿ, "ವ್ಹಾ," ಎಂದರು. ಅದಾದಮೇಲೇ ಆ ಕೊನೆಯ ಜಾಗದ ಮಾತು ಬಂದದ್ದು.

ಆವತ್ತಿನಿಂದ ಅಲ್ಲಪ್ಪನ ಹೊಟ್ಟೆಗೆ ಬೆಂಕಿ ಬಿತ್ತು. ಅದನ್ನು ಬೇರೆ ಹೆಸರಿಂದ ಕರೆದು ಪ್ರಯೋಜನವಿಲ್ಲ; ಅದು ಶುದ್ಧ ಹೊಟ್ಟೆಕಿಚ್ಚು. ಅಂಗಡಿಯಲ್ಲಿ ನೂಲಿನ ಗಂಟು ಬಿಚ್ಚುವಾಗ, ಪೂಜೆಗೆ ಕುಳಿತಾಗ, ಊಟದ ತಾಟಿನ ಮುಂದೆ ಕೂಡ ಅವನಿಗೆ ಆ ಹತ್ತಿಧೂಳಿನ ತಲೆ ಕಾಣಿಸುತ್ತಿತ್ತು. ತಾನೂ ಒಂದು ಹಾಡು ಕಟ್ಟಿ ಬುವಾರ ಕಣ್ಣು ತೆರೆಸುತ್ತೇನೆ ಎಂದು ಹಟ ಹಿಡಿದು ಕೂತ. ಬಿಳಿಯ ಪಾರಿವಾಳವೊಂದು ಯುದ್ಧಭೂಮಿಯ ಮೇಲೆ ಹಾರುವಂತೆ ನಾಲ್ಕು ಸಾಲು ಬರೆದು, ರಾಗ ಹಾಕಿ, ಎಂಟು ದಿನ ತಿದ್ದಿ, ಹೆಂಡತಿ ಹಾಲವ್ವನನ್ನು ಎದುರು ಕೂರಿಸಿಕೊಂಡು ಹಾಡಿದ.

ಹಾಲವ್ವ ಅವರೆಕಾಯಿ ಸುಲಿಯುತ್ತ ಪೂರ್ತಿ ಕೇಳಿದಳು. "ಇದು ಹ್ವಾದ ಗಣಪತಿ ಹಬ್ಬದಾಗ ಹಾಡಿದ್ದ ಅಲ್ಲೇನ್ರಿ? ಅಲ್ಲೆ ಇಲಿ ಇತ್ತು, ಇಲ್ಲೆ ಪಾರಿವಾಳ ಬಂದೈತಿ."

"ನಿನಗೇನ ತಿಳೀತೈತಿ ಸಂಗೀತ?"

"ನನಗೇನ ತಿಳೀತೈತ್ರಿ ಪಾ. ಹನ್ನೊಂದು ವರ್ಷಾತು, ಕೇಳಿದ್ದ ಕೇಳಾಕತ್ತೇನಿ, ಅಷ್ಟ."

ಅವನಿಗೆ ಸಿಟ್ಟು ಬಂದದ್ದು ಅವಳ ಮಾತಿಗಲ್ಲ, ಆ ಮಾತು ನಿಜವಾಗಿತ್ತು ಎಂಬುದಕ್ಕೆ. ಹೊಸದಾಗಿ ಬೇರೊಂದು ಕಟ್ಟಲು ಹೋದ. ಅದೂ ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಬುವಾ ಕಲಿಸಿದ ಯಾವುದೋ ಚೀಜಿನ ದಾರಿ ಹಿಡಿಯಿತು. ಹನ್ನೊಂದು ವರ್ಷ ಬೇರೆಯವರ ಹಾಡನ್ನು ತುಂಬಿಕೊಂಡ ತಲೆಯಲ್ಲಿ ತನ್ನದು ಅನ್ನುವುದಕ್ಕೆ ಒಂದು ಮೂಲೆಯೂ ಉಳಿದಿರಲಿಲ್ಲ.

ತಾಳಲಾರದೆ ಒಂದು ದಿನ, ತನ್ನ ಅಂಗಡಿಯ ನೂಲು ಮಗ್ಗದ ಮೇಲೆ ಹೇಗೆ ಬರುತ್ತಿದೆ ನೋಡುವ ನೆಪ ಮಾಡಿಕೊಂಡು ಕೊರೋಚಿಯ ಶೆಡ್ಡಿಗೇ ಹೋದ. ಒಳಗೆ ಕಾಲಿಟ್ಟದ್ದೇ ತಡ, ಖಟಕ್ ಖಟಕ್ ಸದ್ದಿಗೆ ಅವನ ಕಿವಿ ಮುಚ್ಚಿಹೋಯಿತು. ಸಾಲಿನ ಕೊನೆಯಲ್ಲಿ ಜ್ಞಾನು ಎರಡು ಮಗ್ಗಗಳ ನಡುವೆ ಓಡಾಡುತ್ತ, ಕಡಿದ ಎಳೆ ಜೋಡಿಸುತ್ತ, ಬಾಯಿ ಅಗಲಿಸಿ ಹಾಡುತ್ತಿದ್ದ. ಒಂದು ಸ್ವರವೂ ಕೇಳಿಸಲಿಲ್ಲ. ಕಂಡದ್ದು ಮುಖ ಮಾತ್ರ. ಕುತ್ತಿಗೆಯ ನರ ಉಬ್ಬಿ, ಕಣ್ಣು ಅರ್ಧ ಮುಚ್ಚಿ, ಯಾರ ಹಂಗೂ ಇಲ್ಲದ ಮುಖ. ತಾನು ಹಾಡುವಾಗ ತನ್ನ ಕಣ್ಣು ಯಾವಾಗಲೂ ಯಾರು ತಲೆಯಾಡಿಸಿದರು ಎಂದು ಎಣಿಸುತ್ತಿರುತ್ತದೆ ಎಂಬುದು ಅಲ್ಲಪ್ಪನಿಗೆ ಆಗ ಹೊಳೆಯಿತು. ಹೊಳೆದು ಹೊಟ್ಟೆಯ ಬೆಂಕಿ ಇನ್ನಷ್ಟು ಹೆಚ್ಚಾಯಿತು.

ಗೋಡೆಯ ಬದಿಗೆ ನೂಲನ್ನು ಕಂಡಿಕೆಗೆ ಸುತ್ತುತ್ತಿದ್ದ ಜ್ಞಾನುವಿನ ಹೆಂಡತಿ ರಂಗುಬಾಯಿ ಅವನನ್ನು ಕಂಡು ಎದ್ದಳು. ಹತ್ತು ಮಗ್ಗ ಆಚೆಗಿದ್ದ ಮುದುಕ ಸಖಾರಾಮನ ಕಡೆ ತಿರುಗಿ ಸದ್ದಿಲ್ಲದೆ ತುಟಿ ಆಡಿಸಿದಳು. ಸಖಾರಾಮ ತಲೆಯಾಡಿಸಿ ಚಹಾ ತರಲು ಹೊರಟ.

"ಅಷ್ಟ ದೂರದಾಗ ಅಂವಗ ಹೆಂಗ ಕೇಳತು?" ಹೊರಗೆ ಬಂದಮೇಲೆ ಅಲ್ಲಪ್ಪ ಕೇಳಿದ.

"ಕೇಳಾಂಗಿಲ್ರಿ ಸಾವಕಾರ್ರ. ಶೆಡ್ಡಿನ್ಯಾಗ ಕಿವಿ ಇದ್ದೂ ಇಲ್ಲ. ತುಟಿ ನೋಡಿ ತಿಳಕೋತೇವಿ ನಾವೆಲ್ಲಾ," ಎಂದಳು ರಂಗುಬಾಯಿ. ಆಮೇಲೆ ಸ್ವಲ್ಪ ನಾಚಿ, "ಅವರು ಏನ ಹಾಡ್ತಾರ ಅನ್ನೂದನ್ನೂ ಹಂಗ ನೋಡ್ತೇನ್ರಿ ನಾ," ಎಂದಳು.

ಅಲ್ಲಪ್ಪ ಚಹಾ ಅರ್ಧ ಬಿಟ್ಟು ಎದ್ದುಬಂದ.

ಮಗ್ಗಗಳಿಗೆ ವಾರದ ರಜೆಯ ದಿನ ಮಧ್ಯಾಹ್ನ, ಮಠದ ಮಂಟಪದಲ್ಲಿ ಕಾರ್ಯಕ್ರಮ. ಬೇರೆ ವರ್ಷಗಳಲ್ಲಿ ಮುಂದಿನ ಸಾಲು ಪೇಟೆಯ ಸಾವಕಾರರದು. ಈ ಸಲ ಕೊರೋಚಿಯ ನೇಕಾರರು ನಲವತ್ತು ಜನ, ಹೆಂಗಸರು ಗಂಡಸರು, ತೊಳೆದ ಬಟ್ಟೆ ಉಟ್ಟು ಗಂಟೆ ಮೊದಲೇ ಬಂದು ಎದುರಿಗೇ ಕೂತಿದ್ದರು. ನಡುವೆ ರಂಗುಬಾಯಿ. ಎದ್ದು ಹಿಂದೆ ಹೋಗಿ ಎಂದು ಹೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಹಾಲವ್ವ ಕೂಡ ಅವರ ಹಿಂದೆಯೇ ಕುಳಿತಳು.

ಛಾಯಾಳ ಆಲಾಪಕ್ಕೆ ಮಂಟಪ ಮೆತ್ತಗಾಯಿತು. ಭೀಮಗೊಂಡನ ತಬಲಾ ಮುಗಿದಾಗ ಹಿಂದಿನಿಂದ ಒಬ್ಬ ರೈತ "ನೀರ ಬಂತೋ!" ಎಂದು ಕೂಗಿ ಎಲ್ಲರನ್ನೂ ನಗಿಸಿದ. ಆಮೇಲೆ ಅಲ್ಲಪ್ಪ ತನ್ನ ಪಾರಿವಾಳವನ್ನು ಹಾರಿಬಿಟ್ಟ. ಒಂದು ಸ್ವರ ತಪ್ಪಲಿಲ್ಲ, ಒಂದು ತಾನ ಎಡವಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಅವನು ಪಕ್ಕಕ್ಕೆ ತಿರುಗಿ ನೋಡಿದ. ಬುವಾ ತಲೆಯಾಡಿಸಿದರು.

"ಬರೋಬರ್."

ಪದ್ಧತಿಯಂತೆ ಅವನು ಎದ್ದು, ತನ್ನದೇ ತಂಬೂರಿಯನ್ನು ಎತ್ತಿಕೊಂಡು, ಜ್ಞಾನುವಿನ ಬೆನ್ನ ಹಿಂದೆ ಹೋಗಿ ಕುಳಿತ. ಹನ್ನೊಂದು ವರ್ಷದ ಶಿಷ್ಯ, ಎರಡು ವರ್ಷದವನ ಹಿಂದೆ. ಮುಂದೆ ಕಾಣುತ್ತಿದ್ದದ್ದು ಆ ಬೆನ್ನು, ಮತ್ತು ಅದರಾಚೆ ಜನರ ಮುಖಗಳು.

ಜ್ಞಾನು ಮೊದಲು ಅಂಗೈಯಿಂದ ತೊಡೆ ತಟ್ಟಿ ಮಗ್ಗದ ಲಯ ಹಿಡಿದ. ಖಟಕ್ ಖಟಕ್. ನೇಕಾರರ ತಲೆಗಳು ತಾವಾಗಿಯೇ ಅಲ್ಲಾಡತೊಡಗಿದವು. ಆ ಲಯದ ಮೇಲೆ ಅವನು ದನಿ ಎತ್ತಿದ. ದನಿ ಅಷ್ಟೇನೂ ನಯವಾಗಿರಲಿಲ್ಲ, ಸದ್ದಿನ ಮೇಲೆ ಹಾಡಿ ಹಾಡಿ ಒರಟಾದದ್ದು. ಆದರೆ ಅವನು ಮಂಟಪವನ್ನೇ ಮರೆತು ಹಾಡುತ್ತಿದ್ದ. ಯಾರೂ ಕೇಳದ ಜಾಗದಲ್ಲಿ ನನ್ನ ಬಾಯಿ ನನ್ನದಾಯಿತು ಎಂಬ ಒಂದೇ ಸಾಲನ್ನು ಹತ್ತು ಕಡೆಯಿಂದ ತಿರುಗಿಸಿ ನೋಡಿದ. ಒಮ್ಮೆ ಜಗಳವಾಡಿದ ಹಾಗೆ, ಒಮ್ಮೆ ಕೂಸಿಗೆ ಹೇಳಿದ ಹಾಗೆ.

ತಂಬೂರಿಯ ತಂತಿಗೆ ಪೋಣಿಸಿದ ಮಣಿ ಅಲ್ಲಪ್ಪನ ಕೈಗೆ ಎಟುಕುವಷ್ಟು ಹತ್ತಿರದಲ್ಲಿತ್ತು. ಅದನ್ನು ಕೂದಲೆಳೆಯಷ್ಟು ಜರುಗಿಸಿದರೆ ಸಾಕು, ಶ್ರುತಿ ಕದಲುತ್ತದೆ. ಹಾಡುವವನು ಎಲ್ಲಿ ತಪ್ಪಿದೆ ಎಂದು ತಿಳಿಯದೆ ಒದ್ದಾಡುತ್ತಾನೆ. ಜನ ಅವನನ್ನೇ ಅನ್ನುತ್ತಾರೆ. ಎಡಗೈ ಮಣಿಯವರೆಗೆ ಹೋಯಿತು. ಅಲ್ಲಿ ನಿಂತುಬಿಟ್ಟಿತು. ಬೇಕು ಬೇಕೆಂದು ಶ್ರುತಿ ಕೆಡಿಸುವುದು ಆ ಕೈಗೆ ಬರಲಿಲ್ಲ. ಬಲಗೈಯ ಬೆರಳುಗಳಂತೂ ಅವನ ಮಾತನ್ನು ಕೇಳುವುದನ್ನೇ ಬಿಟ್ಟು ಮೊದಲಿಗಿಂತ ಸಮನಾಗಿ ಮೀಟುತ್ತಿದ್ದವು. ತನ್ನ ಕೈಯ ಮೇಲೇ ಅವನಿಗೆ ಅಸಹ್ಯವಾಯಿತು. ಕೈಯಿಂದ ಆಗದ್ದನ್ನು ಬಾಯಿಯಿಂದ ಮಾಡಿದ. ದನಿ ತೆಗೆಯದೆ, ತುಟಿಯಲ್ಲೇ, ಮಂತ್ರ ಜಪಿಸುವವನಂತೆ ಶುರು ಮಾಡಿದ: ತಪ್ಪಲಿ. ಇವನ ಸ್ವರ ತಪ್ಪಲಿ. ಗಂಟಲು ಬೀಳಲಿ. ಇವನ ದನಿ ಇಂಗಿಹೋಗಲಿ.

ಎಷ್ಟು ಹೊತ್ತು ಅಂದನೋ. ಅನ್ನುತ್ತ ಅನ್ನುತ್ತ ಅವನಿಗೆ ಒಂದು ರೀತಿಯ ಸುಖವೂ ಆಯಿತು. ಇಷ್ಟು ವರ್ಷದಲ್ಲಿ ಯಾರೂ ಕಲಿಸದೆ ಅವನ ಬಾಯಿಂದ ಹೊರಟ ಮಾತು ಇದೊಂದೇ.

ಆಗ ಅವನ ಕಣ್ಣು ಮುಂದಿನ ಸಾಲಿನ ಮೇಲೆ ಬಿತ್ತು. ಅಲ್ಲಿ ಯಾವ ತಲೆಯೂ ಅಲ್ಲಾಡುತ್ತಿರಲಿಲ್ಲ. ಸಖಾರಾಮ ಜ್ಞಾನುವನ್ನು ನೋಡುತ್ತಿರಲಿಲ್ಲ. ಅವನ ಪಕ್ಕದವಳೂ ನೋಡುತ್ತಿರಲಿಲ್ಲ. ನಲವತ್ತು ನೇಕಾರರೂ ಹಾಡುವವನ ಭುಜದ ಮೇಲಿಂದ ಹಿಂದೆ, ಅಲ್ಲಪ್ಪನ ಬಾಯಿಯನ್ನು ನೋಡುತ್ತಿದ್ದರು. ನಡುವೆ ರಂಗುಬಾಯಿಯ ಮುಖ ಸುಣ್ಣದಂತಾಗಿತ್ತು.

ಅವನ ತುಟಿ ನಿಂತಿತು. ಎದ್ದು ಓಡಲು ತಂಬೂರಿ ಕೆಳಗಿಡಬೇಕು; ತಂಬೂರಿ ಇಟ್ಟರೆ ಹಾಡು ಬೀಳುತ್ತದೆ. ಬೆರಳುಗಳು ಮೀಟುತ್ತಲೇ ಇದ್ದವು. ಜ್ಞಾನುವಿಗೆ ಯಾವುದೂ ಗೊತ್ತಿಲ್ಲ. ಅವನು ತೊಡೆ ತಟ್ಟುವುದನ್ನು ಥಟ್ಟನೆ ನಿಲ್ಲಿಸಿದ, ಮಗ್ಗಗಳೆಲ್ಲ ಒಮ್ಮೆಲೇ ನಿಂತ ಹಾಗೆ. ಉಳಿದದ್ದು ತಂಬೂರಿಯ ನಾದ ಮಾತ್ರ. ಅವನು ಅದರ ಮೇಲೆ ಒಂದೇ ಒಂದು ಷಡ್ಜ ಇಟ್ಟು, ಅದು ತಾನಾಗಿ ಮುಗಿಯುವವರೆಗೆ ಕುಳಿತಿದ್ದ.

ಬುವಾ "ವ್ಹಾ" ಕೂಡ ಅನ್ನಲಿಲ್ಲ. ಉತ್ತರೀಯದಿಂದ ಕಣ್ಣು ಒರೆಸಿಕೊಂಡರು. ಮಂಟಪವೆಲ್ಲ ಚಪ್ಪಾಳೆ. ಮುಂದಿನ ಸಾಲು ಮಾತ್ರ ಕೈ ಕಟ್ಟಿ ಕೂತಿತ್ತು.

ಜ್ಞಾನು ಬುವಾರ ಕಾಲಿಗೆ ಬಿದ್ದು, ಅವರು ಕೊಟ್ಟ ತೆಂಗಿನಕಾಯಿ ತೆಗೆದುಕೊಳ್ಳುತ್ತಿದ್ದಾಗ ರಂಗುಬಾಯಿ ವೇದಿಕೆಯ ಹತ್ತಿರ ಬಂದಳು. ಸೆರಗು ಹೊದ್ದು, ಅಲ್ಲಪ್ಪನಿಗಷ್ಟೇ ಕೇಳುವ ಹಾಗೆ ಹೇಳಿದಳು.

"ನೀವು ಬಾಯಿಲೆ ಅಂದದ್ದು ನಾವು ಎಲ್ಲಾರೂ ಕಂಡೇವ್ರಿ ಸಾವಕಾರ್ರ. ಕೈಲೆ ಮೀಟಿದ್ದು ಅವರು ಕೇಳ್ಯಾರ." ಅವಳು ಗಂಡನ ಕಡೆ ಒಮ್ಮೆ ನೋಡಿದಳು. "ಅವರಿಗೆ ಅಷ್ಟ ಇರ್ಲಿ. ನಾವು ಯಾರೂ ಹೇಳೂದಿಲ್ಲ."

ಅಲ್ಲಪ್ಪ ಏನಾದರೂ ಹೇಳಬೇಕೆಂದು ಬಾಯಿ ತೆರೆದ. ತೆರೆದಿದ್ದೇ ತಡ, ಅವಳ ಕಣ್ಣು ಅವನ ತುಟಿಗೆ ಹೋಯಿತು. ಅವನು ಬಾಯಿ ಮುಚ್ಚಿದ.

ಅಷ್ಟರಲ್ಲಿ ಜ್ಞಾನು ತಿರುಗಿ ಬಂದು, ತಡೆಯುವುದರೊಳಗೆ ಅವನ ಕಾಲು ಮುಟ್ಟಿದ. ಮುಖದಲ್ಲಿ ಬೆವರು, ಕಣ್ಣಲ್ಲಿ ನೀರು. "ಸಾವಕಾರ್ರ, ಇಂಥಾ ಶ್ರುತಿ ನಾ ಒಂದ ದಿನಾನೂ ಕೇಳಿಲ್ರಿ. ಬೆನ್ನಿಗೆ ಗ್ವಾಡಿ ಇದ್ದಂಗ ಆಗಿತ್ತು. ನೀವು ಇದ್ದೀರಂತ ನಾ ಹಾಡಿದ್ನಿ." ಎದ್ದು ನಿಂತು ಕೈ ಮುಗಿದ. "ನಾ ಎಲ್ಲೆ ಹಾಡಿದ್ರೂ ಇನ್ನ ಮ್ಯಾಲೆ ಹಿಂದ ನೀವ ಕುಂಡ್ರಬೇಕು. ಹೂಂ ಅನ್ರಿ."

ಎಲ್ಲೆ ಹಾಡಿದ್ರೂ. ಅಂದರೆ ಇವನು ಇನ್ನೂ ಹಾಡುತ್ತಾನೆ. ಕೊಲ್ಹಾಪುರದಲ್ಲಿ ಹಾಡುತ್ತಾನೆ, ಗಡಹಿಂಗ್ಲಜದಲ್ಲಿ ಹಾಡುತ್ತಾನೆ, ತಾನು ಈ ಬೆನ್ನನ್ನು ನೋಡುತ್ತ ಕೂರಬೇಕು. ಅಲ್ಲಪ್ಪನ ಹೊಟ್ಟೆಯೊಳಗಿನದು ಮತ್ತೆ ಹೊತ್ತಿಕೊಂಡಿತು. ಅವನು ತಲೆ ಎತ್ತಿದ. ಜನ ಎದ್ದು ಚಪ್ಪಲಿ ಹುಡುಕುತ್ತಿದ್ದರು. ಹಾಲವ್ವ ಅಲ್ಲಿಂದಲೇ ಕೈ ಮಾಡಿ ಮನೆಗೆ ಕರೆಯುತ್ತಿದ್ದಳು. ಮುಂದಿನ ಸಾಲಿನಲ್ಲಿ ಮಾತ್ರ ಒಬ್ಬರೂ ಎದ್ದಿರಲಿಲ್ಲ. ಅವರು ಕಾಯುತ್ತಿದ್ದರು.

ಅವನ ತುಟಿ "ಹೂಂ" ಎಂದದ್ದನ್ನು ಮೊದಲು ಆ ನಲವತ್ತು ಜನ ಕಂಡರು. ದನಿ ಆಮೇಲೆ ಬಂತು.