ಕಾದಂಬರಿಗೆ ಬೇಡವಾದ ತಂಗಿ

ತಮ್ಮ ಪುಸ್ತಕವನ್ನು ತಾವೇ ಪ್ರಕಟಿಸಿಕೊಳ್ಳುವವರಿಗೆ ನನ್ನ ಬ್ಲಾಗೆಂದರೆ ಎದೆ ಡವಡವ. ಅಂಥ ಕಾದಂಬರಿಗಳನ್ನೇ ಹುಡುಕಿ ಓದಿ, ಅನಿಸಿದ್ದನ್ನು ಮುಚ್ಚುಮರೆಯಿಲ್ಲದೆ ಬರೆಯುತ್ತೇನೆ. ಹಗಲು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ರೋಗಿಗಳ ಹೆಸರು ಕೂಗುವ ಕೆಲಸ. ಬಿಡುವಾದರೆ ಕೌಂಟರಿನ ಕೆಳಗೆ ಪುಸ್ತಕ. ನೆಂಟರ ಪುಸ್ತಕ ಮುಟ್ಟುವುದಿಲ್ಲ ಎಂದು ಮೊದಲೇ ಸಾರಿಬಿಟ್ಟಿದ್ದೇನೆ. ಮುಲಾಜಿಗೆ ಹೊಗಳುವವಳು ನಾನಲ್ಲ.

ಮೊನ್ನೆ ಓದಿದ್ದು ಯಾವುದೋ ಕಾವ್ಯನಾಮದವರದ್ದು. ಅಪ್ಪ ತೀರಿಕೊಂಡಿದ್ದಾನೆ, ಅಮ್ಮ ಕೋಣೆ ಸೇರಿ ಚಿಲಕ ಹಾಕಿಕೊಂಡಿದ್ದಾಳೆ, ಹುಡುಗ ಹೊರಗೆ ಕಾಯುತ್ತಿದ್ದಾನೆ. ಒಳ್ಳೆಯ ಕಥೆಯೇ. ಆದರೆ ಅವನಿಗೊಬ್ಬಳು ಪುಟ್ಟ ತಂಗಿ, ಬಾಯಿಗೆ ಬೀಗವಿಲ್ಲ. ಎಲ್ಲರೂ ಅಳುತ್ತಿರುವಾಗ, ಸತ್ತವರಿಗೆ ಹಲ್ಲುನೋವು ಬರುತ್ತದಾ ಎಂದು ಕೇಳುತ್ತಾಳೆ. ನನಗೆ ರೇಗಿತು. ‘ಇಂಥ ಮಗು ಭೂಮಿಯ ಮೇಲೆ ಎಲ್ಲೂ ಇರುವುದಿಲ್ಲ. ಇವಳನ್ನು ಕಿತ್ತುಹಾಕಿದರೆ ಕಥೆ ಉಸಿರಾಡುತ್ತದೆ’ ಎಂದು ಬರೆದುಹಾಕಿದೆ.

ಇವತ್ತು ಮಧ್ಯಾಹ್ನ ಅತ್ತಿಗೆಯ ಫೋನ್.

“ನೀನೇನು ಬರೆದ್ಯೋ ಏನೋ, ನಿಮ್ಮಣ್ಣ ಊಟ ತಿಂಡಿ ಬಿಟ್ಟು ನಿನ್ನ ತೆಗೀತಾ ಕೂತಿದಾರೆ.”

“ನನ್ನನ್ನಾ? ಎಲ್ಲಿಂದ?”

“ಅವರ ಕಾದಂಬರಿಯಿಂದ ಕಣೇ. ಆ ವಟವಟ ತಂಗಿ ನೀನೇ ಅಲ್ವಾ? ನನಗೆ ಮೊದಲನೇ ಪುಟದಲ್ಲೇ ಗೊತ್ತಾಯ್ತು!”

ಲಿಫ್ಟ್ ರಿಪೇರಿ ಮಾಡುವ ಅಣ್ಣ, ಕೇಳಿದ್ದಕ್ಕೂ ಸರಿಯಾಗಿ ಉತ್ತರ ಕೊಡದವನು, ನನಗೆ ಗೊತ್ತಾಗದಂತೆ ಕಾದಂಬರಿ ಬರೆದಿದ್ದ. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಒಬ್ಬರ ಎಕ್ಸ್‌ರೇ ಇನ್ನೊಬ್ಬರ ಕೈಗೆ ಕೊಟ್ಟು ಬೈಸಿಕೊಂಡೆ. ಈ ಪುಸ್ತಕಗಳು ಯಾರಾದರೂ ಕೇಳಿದಾಗಷ್ಟೇ ಒಂದೊಂದು ಪ್ರತಿ ಅಚ್ಚಾಗುವಂಥವು. ಅಣ್ಣ ಕಂಪ್ಯೂಟರಿನಲ್ಲಿ ತಿದ್ದಿ ಒಂದು ಗುಂಡಿ ಒತ್ತಿದರೆ ಮುಗಿಯಿತು, ನಾಳೆಯ ಪ್ರತಿಯಲ್ಲಿ ನಾನಿರುವುದಿಲ್ಲ. ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಹಲ್ಲುನೋವು ಎಂದರೆ ಅಲ್ಲೇ ಕುರ್ಚಿಗೆ ಹತ್ತಿಸುತ್ತಿದ್ದರು. ತಲೆನೋವು ಎಂದು ಹೇಳಿ ಓಡಿದೆ.

ಬಸ್ಸಿನಲ್ಲಿ ನಿಂತೇ ಪುಸ್ತಕ ತೆರೆದೆ. ಪುಟ್ಟ ಹುಡುಗಿ ಬಾಗಿಲ ಸಂದಿಗೆ ಬಾಯಿಟ್ಟು, “ಅಮ್ಮಾ, ನಂಗೆ ಜಡೆ ಯಾರು ಹಾಕ್ತಾರೆ?” ಎಂದು ಕೇಳುತ್ತಾಳೆ. ಚಿಲಕ ಸರಿಯುತ್ತದೆ. ಪಕ್ಕದಲ್ಲಿ ನನ್ನದೇ ಪೆನ್ಸಿಲ್ ಬರಹ: ‘ನಂಬುವಂತಿಲ್ಲ.’ ನಮ್ಮಪ್ಪ ತೀರಿಕೊಂಡಾಗ ಅಮ್ಮ ಅಳುತ್ತಲೇ ಬಿಗಿಯಾಗಿ ಜಡೆ ಹಾಕಿದ್ದು, ನೆತ್ತಿ ಉರಿದಿದ್ದು, ನಾನು ಕಿರುಚಿದ್ದು ನನಗೆ ಇಂದಿಗೂ ನೆನಪಿದೆ. ಅದಕ್ಕೆ ಮೊದಲು ಆ ಬಾಗಿಲು ಮುಚ್ಚಿತ್ತೆನ್ನುವುದು ಮಾತ್ರ ನೆನಪಿರಲಿಲ್ಲ. ಬಸ್ಸು ಪ್ರತಿ ಸಿಗ್ನಲ್ಲಿಗೂ ನಿಂತಿತು. ಇಳಿದು ಓಡೋಣವೇ ಎನಿಸಿತು.

ಅಣ್ಣ ಗಡ್ಡ ಬಿಟ್ಟುಕೊಂಡು ಕಂಪ್ಯೂಟರಿನ ಮುಂದೆ ಕೂತಿದ್ದ.

“ಗುಂಡಿ ಒತ್ತಿಬಿಟ್ಯಾ?”

“ಇನ್ನೂ ಇಲ್ಲ.”

“ನಂದೇ ಪುಸ್ತಕ ಅಂತ ಒಂದು ಮಾತು ಹೇಳೋಕೆ ಏನಾಗಿತ್ತು ನಿಂಗೆ?”

“ನೆಂಟರದ್ದು ಓದಲ್ಲ ಅಂದಿದ್ಯಲ್ಲ. ನೀನು ಓದ್ಲಿ ಅಂತಾನೇ ಬರೆದಿದ್ದು.”

ಮೌಸಿನ ಮೇಲಿದ್ದ ಅವನ ಕೈ ಹಿಡಿದುಕೊಂಡೆ. “ನಾನು ಬರೆದಿದ್ದು ಹಾಳಾಗಿ ಹೋಗ್ಲಿ ಬಿಡೋ. ಅವಳನ್ನ ತೆಗೀಬೇಡ.”

“ಇಲ್ಲ, ನೀನು ಹೇಳಿದ್ದು ಸರೀನೇ. ಎಲ್ಲಾ ಕಡೆ ತೆಗೆದೆ, ಓದೋಕೆ ಚೆನ್ನಾಗೇ ಇದೆ. ಒಂದೇ ಒಂದು ಕಡೆ ಆಗ್ತಿಲ್ಲ.” ಅಣ್ಣ ಪರದೆಯನ್ನು ನನ್ನ ಕಡೆ ತಿರುಗಿಸಿದ. ಅರ್ಧಕ್ಕೇ ನಿಂತ ಪುಟ. “ಹುಡುಗನ ಕೈಲಿ ಬಾಗಿಲು ಬಡಿಸಿದೆ, ಗೋಳೋ ಅಂತ ಅಳಿಸಿದೆ, ಬೇಡಿಕೊಳ್ಳೋ ಹಾಗೂ ಮಾಡಿದೆ. ನೀನಿಲ್ದೆ ಅಮ್ಮ ಬಾಗಿಲು ತೆಗೀತಾನೇ ಇಲ್ಲ ಕಣೇ.”